ಕನೆಕ್ಟರ್ ಸಿಗದಾಗ: ನಂಬಿಕೆ ಯಾವುದು, ನಿಜ ಯಾವುದು?

ಶ್ರವಣಬೆಳಗೊಳದ ಬಾಹುಬಲಿ ಇಂಜಿನಿಯರಿಂಗ್ ಕಾಲೇಜಾಗಲಿ, ಹಾಸನದ ಮಲ್ನಾಡ್ ಇಂಜಿನಿಯರಿಂಗ್ ಕಾಲೇಜಾಗಲಿ, ಪ್ರಾಜೆಕ್ಟ್ ಒಪ್ಪಿಸುವ ದಿನ ಹತ್ತಿರ ಬಂದರೆ ಒಂದು ಕನೆಕ್ಟರಿಗಾಗಿ ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿಬರಲು ಯಾರಿಗೂ ಪುರುಸೊತ್ತಿರುವುದಿಲ್ಲ. ಕೈಲಿರುವುದರಲ್ಲೇ ಹೊಂದಿಸಿಕೊಳ್ಳಬೇಕು. ಹಾಗೆ ಹೊಂದಿಸಿದ್ದೆಲ್ಲ ಕಳಪೆ ಎಂಬುದೇ ಮೊದಲ ತಪ್ಪು ಕಲ್ಪನೆ.

ಶುದ್ಧವಾದ ಎರಡು ಲೋಹಗಳು ಒಂದನ್ನೊಂದು ಬಿಗಿಯಾಗಿ ಒತ್ತಿಕೊಂಡಿದ್ದರೆ ಅದು ಒಳ್ಳೆಯ ಕನೆಕ್ಟರೇ. ದುಂಡು ತೂತಿನ ಐಸಿ ಬೇಸನ್ನು ಉದ್ದಕ್ಕೆ ಕತ್ತರಿಸಿದರೆ ಚೊಕ್ಕ ಸಾಕೆಟ್ ಸಿಗುತ್ತದೆ. ಕತ್ತರಿಸಿ ಬಿಸಾಡುವ ರೆಸಿಸ್ಟರ್ ಕಾಲುಗಳೇ ಅದಕ್ಕೆ ಪಿನ್ನು. ಆದರೆ ಬರ್ಗ್ ಸ್ಟ್ರಿಪ್ಪಿನ 0.64 ಮಿ.ಮೀ. ಚೌಕ ಪಿನ್ನನ್ನು ಅದೇ ತೂತಿಗೆ ತುರುಕಬೇಡಿ. ಒಳಗಿನ ಸ್ಪ್ರಿಂಗ್ ಒಮ್ಮೆ ಅಗಲವಾದರೆ ಮತ್ತೆ ತೆಳು ಪಿನ್ನನ್ನು ಹಿಡಿಯುವುದಿಲ್ಲ.

ಪಿನ್ನುಗಳ ನಡುವಿನ ಅಂತರದ ವಿಷಯದಲ್ಲಿ ‘2.5 ಮಿ.ಮೀ., 2.54 ಮಿ.ಮೀ. ಎರಡೂ ಒಂದೇ’ ಎನ್ನುವವರಿದ್ದಾರೆ. ನಾಲ್ಕು ಪಿನ್ನಿಗೆ ಆ ಮಾತು ನಡೆಯುತ್ತದೆ, ವ್ಯತ್ಯಾಸ 0.12 ಮಿ.ಮೀ. ಮಾತ್ರ. ಇಪ್ಪತ್ತು ಪಿನ್ನಿಗೆ ಅದು 0.76 ಮಿ.ಮೀ. ಆಗಿ, ಕೊನೆಯ ಪಿನ್ನು ತೂತಿಗೆ ಸೇರುವುದೇ ಇಲ್ಲ.

ತಂತಿಯ ತುದಿಗೆ ಸೋಲ್ಡರ್ ಹಚ್ಚಿ ಸ್ಕ್ರೂ ಟರ್ಮಿನಲ್ಲಿಗೆ ಬಿಗಿದರೆ ಹೆಚ್ಚು ಗಟ್ಟಿ ಎಂಬ ನಂಬಿಕೆಯಂತೂ ಬಹಳ ಆಳವಾಗಿ ಬೇರೂರಿದೆ. ಸೋಲ್ಡರ್ ಮೆದು ಲೋಹ. ಸ್ಕ್ರೂ ಒತ್ತುತ್ತಲೇ ಇದ್ದರೆ ನಿಧಾನವಾಗಿ ಸರಿದು, ಬಿಗಿ ಸಡಿಲವಾಗುತ್ತದೆ, ಜಾಗ ಬಿಸಿಯಾಗುತ್ತದೆ. ಎಳೆಗಳನ್ನು ಹೊಸೆದು ಹಾಗೆಯೇ ಬಿಗಿಯಿರಿ, ಇಲ್ಲವೇ ತುದಿಗೆ ಫೆರೂಲ್ (ಎಳೆಗಳ ಮೇಲೆ ಒತ್ತಿ ಕೂರಿಸುವ ಪುಟ್ಟ ಲೋಹದ ಕೊಳವೆ) ಹಾಕಿ.

ನನ್ನ ಮಟ್ಟಿಗೆ ಅತಿ ಹೆಚ್ಚು ಸಮಯ ಹಾಳುಮಾಡುವ ನಂಬಿಕೆ ಬೇರೆ: ‘ಮಲ್ಟಿಮೀಟರ್ ಬೀಪ್ ಅಂತು, ಕನೆಕ್ಷನ್ ಸರಿಯಿದೆ.’ ಹಲವು ಮೀಟರುಗಳು ಹತ್ತಾರು ಓಮ್ ಇದ್ದರೂ ಬೀಪ್ ಅನ್ನುತ್ತವೆ. ಆಗ ಅವು ಹರಿಸುವ ಕರೆಂಟೂ ತೀರಾ ಅಲ್ಪ. ಇಲ್ಲಿ ಒಂದು ಸಣ್ಣ ಲೆಕ್ಕ. ಜೋಡಣೆಯಲ್ಲಿ 0.1 ಓಮ್ ಇದ್ದು 2 ಆಂಪಿಯರ್ ಹರಿದರೆ 0.2 ವೋಲ್ಟ್ ಅಲ್ಲೇ ಕಳೆದುಹೋಗಿ, 0.4 ವಾಟ್ ಶಾಖವಾಗುತ್ತದೆ. ಅದೇ ಜೋಡಣೆಯಲ್ಲಿ 1 ಓಮ್ ಇದ್ದರೆ 5 ವೋಲ್ಟಿನ ಸರ್ಕ್ಯೂಟಿಗೆ ಉಳಿಯುವುದು 3 ವೋಲ್ಟ್. ಮೀಟರ್ ಆಗಲೂ ಬೀಪ್ ಅನ್ನುತ್ತದೆ. ಮೋಟಾರ್ ತಿರುಗಿದೊಡನೆ ಆರ್ಡುಯಿನೊ ರೀಸೆಟ್ ಆಗುತ್ತಿದ್ದರೆ ಪ್ರೋಗ್ರಾಂ ತಿದ್ದುವ ಮೊದಲು, ಮೋಟಾರ್ ಓಡುತ್ತಿರುವಾಗಲೇ ಮೀಟರನ್ನು ಡಿಸಿ ವೋಲ್ಟಿಗೆ ಇಟ್ಟು ಕನೆಕ್ಟರಿನ ಈಚೆಗೊಂದು, ಆಚೆಗೊಂದು ಪ್ರೋಬ್ ಮುಟ್ಟಿಸಿ. ಬರುವ ಅಂಕಿಯೇ ಅಲ್ಲಿನ ನಷ್ಟ.

ಸಡಿಲ ಕನೆಕ್ಟರಿಗೆ ಫೆವಿಕ್ವಿಕ್ ಹಾಕುವುದೂ ಬೇಡ. ಅದು ಒಳಗೆ ಹರಿದು ಪಿನ್ನಿನ ಮೇಲೆ ಕರೆಂಟ್ ಹಾಯದ ಪದರವಾಗುತ್ತದೆ.

ತಿರುಗುಮುರುಗಾಗಿ ಚುಚ್ಚದಂತೆ ಮಾಡಲು ದುಬಾರಿ ಕನೆಕ್ಟರೇ ಬೇಕೆಂದಿಲ್ಲ. ಹಳೆಯ ಕಂಪ್ಯೂಟರಿನ 40 ಪಿನ್ ಹಾರ್ಡ್‌ಡಿಸ್ಕ್ ಕನೆಕ್ಟರಿನಲ್ಲಿ 20ನೇ ಪಿನ್ನು ಇರುತ್ತಿರಲಿಲ್ಲ, ಎದುರಿನ ತೂತು ಮುಚ್ಚಿರುತ್ತಿತ್ತು. ನಿಮ್ಮ ಬರ್ಗ್ ಸ್ಟ್ರಿಪ್ಪಿನಲ್ಲೂ ಮಧ್ಯವಲ್ಲದ ಕಡೆ ಒಂದು ಪಿನ್ನು ಕಿತ್ತು, ಅದರ ಎದುರಿನ ತೂತನ್ನು ಮುಚ್ಚಿಬಿಡಿ.

ಇದೆಲ್ಲ 5 ವೋಲ್ಟ್, 12 ವೋಲ್ಟಿನ ಮಾತು. ಪಂಪ್‌ಸೆಟ್ ಸ್ಟಾರ್ಟರಿನ 230 ಅಥವಾ 415 ವೋಲ್ಟ್ ಇರುವ ಕಡೆ ದಯವಿಟ್ಟು ಇದ್ಯಾವುದನ್ನೂ ಪ್ರಯೋಗಿಸಬೇಡಿ. ಅಲ್ಲಿಗೆ ಅದಕ್ಕೆಂದೇ ತಯಾರಿಸಿದ ಟರ್ಮಿನಲ್ಲನ್ನೇ ತಂದು ಹಾಕಿ.