ಕಪ್ಪು ಆಯಿಲ್ ಮೇಲೆ ಸುಳ್ಳು ಆರೋಪ

ಹಳೆಯ ಮ್ಯಾಸಿ ಟ್ರ್ಯಾಕ್ಟರ್ ಇಟ್ಟುಕೊಂಡಿರುವ ಓದುಗರೊಬ್ಬರಿಗೆ ಒಂದು ಸಂಶಯ. ಹೊಸ ಎಂಜಿನ್ ಆಯಿಲ್ ಹಾಕಿಸಿ ಎರಡು ದಿನ ಉಳುಮೆ ಮಾಡುವಷ್ಟರಲ್ಲಿ ಅದು ಕಪ್ಪಾಯಿತಂತೆ. ಅಂಗಡಿಯವರು ನಕಲಿ ಮಾಲು ಕೊಟ್ಟರೇ ಎಂದು ಕೇಳಿದ್ದಾರೆ.

ಕಪ್ಪಾದ ಮಾತ್ರಕ್ಕೆ ನಕಲಿ ಎನ್ನಬೇಡಿ. ಡೀಸೆಲ್ ಎಂಜಿನ್ನಿನಲ್ಲಿ ಆಯಿಲ್ ಬೇಗ ಕಪ್ಪಾದರೆ ಅದು ತನ್ನ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಡೀಸೆಲ್ ಉರಿದಾಗ ಮಸಿ ಹುಟ್ಟುತ್ತದೆ. ಬಹುಪಾಲು ಸೈಲೆನ್ಸರಿನಿಂದ ಹೊರಬೀಳುತ್ತದೆ, ಉಳಿದದ್ದು ಪಿಸ್ಟನ್ ರಿಂಗುಗಳ ಪಕ್ಕದಿಂದ ನುಸುಳಿ ಆಯಿಲ್ ಇರುವ ಕೆಳಗಿನ ಚೇಂಬರಿಗೆ ಇಳಿಯುತ್ತದೆ. ರಿಂಗು ಸವೆದಿದ್ದರೆ ಇನ್ನೂ ಹೆಚ್ಚು. ಈ ಮಸಿಯ ಮೂಲ ಕಣ ಮಿಲಿಮೀಟರಿನ 10,000ದಲ್ಲಿ ಒಂದು ಭಾಗಕ್ಕಿಂತಲೂ ಚಿಕ್ಕದು. ಆಯಿಲ್ ಫಿಲ್ಟರಿನ ಕಾಗದಕ್ಕೆ ಸಿಗುವುದೇ ಇಲ್ಲ.

ಅದನ್ನು ಹಿಡಿಯುವುದು ಆಯಿಲ್‌ನಲ್ಲೇ ಬೆರೆಸಿರುವ ಡಿಸ್ಪರ್ಸೆಂಟ್ ಎಂಬ ರಾಸಾಯನಿಕ. ಎಷ್ಟು ಸೊಗಸಾದ ಏರ್ಪಾಡು ನೋಡಿ! ಅದರ ಅಣುವಿನ ಒಂದು ತುದಿ ಮಸಿಗೆ ಕಚ್ಚಿಕೊಳ್ಳುತ್ತದೆ. ಉದ್ದನೆಯ ಬಾಲ ಎಣ್ಣೆಯೊಳಗೆ ಚಾಚಿಕೊಳ್ಳುತ್ತದೆ. ಇಂಥ ಬಾಲಗಳು ಸುತ್ತುವರಿದ ಮೇಲೆ ಒಂದು ಕಣ ಇನ್ನೊಂದಕ್ಕೆ ಅಂಟಲಾರದು, ಬೇರಿಂಗಿನ ಮೇಲೆ ಕೂರಲಾರದು. ಸೀಗೆಪುಡಿ ತಲೆಯ ಜಿಡ್ಡನ್ನು ಎತ್ತಿ ನೀರಿಗೆ ಬಿಡುವಂತೆಯೇ ಇದು. ಡಿಸ್ಪರ್ಸೆಂಟ್ ತೀರಿಹೋದಾಗ ಮಾತ್ರ ಕಣಗಳು ಗಡ್ಡೆ ಕಟ್ಟಿ ಆಯಿಲ್ ಗಟ್ಟಿಯಾಗತೊಡಗುತ್ತದೆ.

ಮನೆಯಲ್ಲೇ ಪರೀಕ್ಷಿಸಬಹುದು. ಬಿಸಿ ಆಯಿಲ್‌ನ ಒಂದು ಹನಿಯನ್ನು ಶಾಯಿ ಹೀರುವ ಕಾಗದದ ಮೇಲೆ ಬಿಟ್ಟು ಕೆಲವು ಗಂಟೆ ಕಾಯಿರಿ. ಕಲೆ ನಡುವಿನಿಂದ ಅಂಚಿನವರೆಗೆ ಬೂದು ಬಣ್ಣದಲ್ಲಿ ಹರಡಿದರೆ ಆಯಿಲ್‌ಗೆ ಇನ್ನೂ ಶಕ್ತಿಯಿದೆ. ನಡುವೆ ದಟ್ಟ ಕಪ್ಪು ಚುಕ್ಕೆ ನಿಂತು ಸುತ್ತ ಬರೀ ಎಣ್ಣೆ ಹಬ್ಬಿದರೆ ಬದಲಿಸಿ. ಬೆರಳಲ್ಲಿ ಉಜ್ಜಿ ನೋಡಿ ತೀರ್ಪು ಕೊಡುವವರನ್ನು ನಂಬಬೇಡಿ.

ಭಯಪಡಬೇಕಾದ ಸಂಗತಿ ಬೇರೆಯೇ ಇದೆ: ಆಯಿಲ್ ಕಡ್ಡಿಯಲ್ಲಿ ಮಟ್ಟ ಏರುವುದು. "ನಮ್ಮ ಗಾಡಿ ಆಯಿಲ್ ಕುಡಿಯುವುದೇ ಇಲ್ಲ, ಹೆಚ್ಚೇ ಆಗುತ್ತೆ" ಎಂದು ಹೆಮ್ಮೆಪಡುವವರನ್ನು ಕಂಡಿದ್ದೇನೆ. ಆಯಿಲ್ ಮರಿ ಹಾಕುವುದಿಲ್ಲ. ಪರ್ಕಿನ್ಸ್ ಮಾದರಿಯ ಹಳೆಯ ಎಂಜಿನ್ನುಗಳಲ್ಲಿ ಟ್ಯಾಂಕಿನಿಂದ ಡೀಸೆಲ್ ಎಳೆಯುವ ಪುಟ್ಟ ಪಂಪು ಎಂಜಿನ್ನಿನ ಮಗ್ಗುಲಲ್ಲೇ ಕೂತಿರುತ್ತದೆ. ಅದರೊಳಗಿನ ತೆಳು ಪರದೆ ಹರಿದರೆ ಡೀಸೆಲ್ ನೇರ ಚೇಂಬರಿಗೆ ಸೋರುತ್ತದೆ. ನಾಝಲ್ ತೊಟ್ಟಿಕ್ಕಿದರೂ ಅದೇ ಕಥೆ. ತೆಳ್ಳಗಾದ ಆಯಿಲ್‌ಗೆ ಬೇರಿಂಗನ್ನು ಎತ್ತಿ ಹಿಡಿಯುವ ತ್ರಾಣ ಇರುವುದಿಲ್ಲ. ನೀರು ಬೆರೆತರೂ ಮಟ್ಟ ಏರುತ್ತದೆ, ಆಗ ಆಯಿಲ್ ಮಜ್ಜಿಗೆಯ ಬಣ್ಣಕ್ಕೆ ತಿರುಗುತ್ತದೆ.

ಇನ್ನು ನಾಝಲ್‌ಗೆ ಡೀಸೆಲ್ ತಳ್ಳುವ ದೊಡ್ಡ ಪಂಪು. ಬೆಂಗಳೂರಿನಲ್ಲಿ 1951ರಲ್ಲಿ ಹುಟ್ಟಿದ ಮೈಕೋ, ಈಗಿನ ಬಾಷ್, ನಮ್ಮ ರೈತರಿಗೆ ಪರಿಚಯವಾದದ್ದೇ ಈ ಪಂಪಿನಿಂದ. ಅದರೊಳಗಿನ ಪ್ಲಂಜರಿಗೂ ಕೊಳವೆಗೂ ನಡುವಿನ ಸಂದು ಮಿಲಿಮೀಟರಿನ ಸಾವಿರದಲ್ಲಿ ಕೆಲವೇ ಭಾಗ. ಅಲ್ಲಿ ರಬ್ಬರ್ ಸೀಲಿಲ್ಲ, ಜಾರಿಸುವುದೂ ಡೀಸೆಲ್ಲೇ. ಸೀಮೆಎಣ್ಣೆ ಬೆರೆಸಿದರೆ ಆ ಜಾರುಗುಣ ಕುಂದುತ್ತದೆ, ನೀರಿನ ಹನಿ ಹೊಕ್ಕರೆ ತುಕ್ಕು ಹಿಡಿಯುತ್ತದೆ.

ಆಯುಧಪೂಜೆಯ ದಿನ ಚಕ್ರದಡಿ ನಿಂಬೆಹಣ್ಣು ಇಡುವ ಎಷ್ಟು ಮಂದಿ ಡೀಸೆಲ್ ಫಿಲ್ಟರಿನ ತಳದಲ್ಲಿ ನಿಂತ ನೀರನ್ನು ಬಸಿಯುತ್ತಾರೆ? ನಿಂಬೆಹಣ್ಣಿಗೆ ಆ ನೀರನ್ನು ತೆಗೆಯುವ ಶಕ್ತಿ ಇಲ್ಲ. ಹಬ್ಬದ ನೆಪದಲ್ಲಿ ಟ್ಯಾಂಕಿನ ಮುಚ್ಚಳದ ಮೇಲೆ ಜೋರಾಗಿ ನೀರು ಹೊಡೆಯುವುದಂತೂ ಕೇಡು. ಅರ್ಧ ಖಾಲಿ ಟ್ಯಾಂಕಿನ ಗಾಳಿಯಲ್ಲಿರುವ ತೇವ ರಾತ್ರಿ ತಣಿದು ಒಳಗೇ ನೀರಾಗುತ್ತದೆ. ಆದ್ದರಿಂದ ಡೀಸೆಲ್ ತುಂಬಿಸುವುದು ಸಂಜೆಗೇ ಒಳ್ಳೆಯದು.

ಬೆಳಿಗ್ಗೆ ಎಂಜಿನ್ ಶುರು ಮಾಡುವ ಮುನ್ನ, ಟ್ರ್ಯಾಕ್ಟರ್ ಸಮತಟ್ಟಿನಲ್ಲಿ ನಿಂತಿರುವಾಗ ಕಡ್ಡಿ ಎಳೆದು ನೋಡಿ, ಮೂಸಿ. ಮಟ್ಟ ಏರಿದ್ದು ಡೀಸೆಲ್ ವಾಸನೆ ಬಂದರೆ ಅಂದಿನ ಉಳುಮೆ ಬಿಟ್ಟು ಮೆಕ್ಯಾನಿಕ್‌ಗೆ ಫೋನ್ ಮಾಡಿ.