ಕೊಂಡವನ ಯಂತ್ರ, ಮಾರಿದವನ ಆಳ್ವಿಕೆ

ಗಣಕಯಂತ್ರವು ನಮ್ಮ ಕಚೇರಿಗಳಲ್ಲಿ ಲೇಖನಿಯ ಸ್ಥಾನವನ್ನು ಆಕ್ರಮಿಸಿ ಬಹುಕಾಲವಾಯಿತು. ಆ ಯಂತ್ರದ ಒಡಲಿನಲ್ಲಿದ್ದು ಅದರ ಸಕಲ ವ್ಯಾಪಾರಗಳನ್ನೂ ನಡೆಯಿಸುವ ಕಾರ್ಯಾಚರಣ ವ್ಯವಸ್ಥೆಗಳ ಪೈಕಿ, ಅಮೆರಿಕದ ಮೈಕ್ರೋಸಾಫ್ಟ್ ಸಂಸ್ಥೆಯ ವಿಂಡೋಸ್ ಎಂಬುದೇ ನಮ್ಮಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ವಾಚಕರಿಗೆ ವಿದಿತವಾಗಿದೆ. ಅದರ ಗುಣವು ಕುಂದುತ್ತ ಬಂದಿದೆಯೆಂದು ಬಳಸುವವರು ದೂರುತ್ತಿದ್ದಾರೆ. ಹೊಸದನ್ನು ಕಲಿಯಲೊಲ್ಲದ ಹಳಬರ ಗೊಣಗಾಟವಿದೆಂದು ತಳ್ಳಿಹಾಕುವವರೂ ಉಂಟು. ನಾವು ಅವರೊಡನೆ ಸಮ್ಮತರಲ್ಲ.

2009ರಲ್ಲಿ ಬಂದ ಏಳನೆಯ ವಿಂಡೋಸ್ ಒಳ್ಳೆಯ ಗುಮಾಸ್ತನಂತೆ ಇತ್ತು. ಹೇಳಿದ ಕೆಲಸವನ್ನು ಮಾಡಿ ಸುಮ್ಮನಿರುತ್ತಿತ್ತು. 2012ರ ಎಂಟನೆಯದರಲ್ಲಿ ಎಲ್ಲರಿಗೂ ಪರಿಚಿತವಾಗಿದ್ದ ಸ್ಟಾರ್ಟ್ ಗುಂಡಿಯನ್ನೇ ತೆಗೆದುಹಾಕಿದರು. ಗದ್ದಲವೆದ್ದ ಮೇಲೆ ಮರುವರ್ಷ ಅದನ್ನು ಮತ್ತೆ ತಂದಿಟ್ಟರು. ಅದು ಅವಿವೇಕವೇ ಹೊರತು ಅನ್ಯಾಯವಲ್ಲ.

ಆಮೇಲಿನ ಕಥೆ ಬೇರೆ. 2014ರಲ್ಲಿ ಸಂಸ್ಥೆಯು ತನ್ನ ಪರೀಕ್ಷಕರ ಸಂಖ್ಯೆಯನ್ನು ಕಡಿಮೆಮಾಡಿ, ಅದೇ ವರ್ಷ ಸ್ವಯಂಸೇವಕರಾದ ಬಳಕೆದಾರರಿಂದಲೇ ಹೊಸ ಆವೃತ್ತಿಗಳನ್ನು ಪರೀಕ್ಷಿಸುವ ಏರ್ಪಾಡನ್ನು ಆರಂಭಿಸಿತು. ಇದರ ಫಲವು 2018ರ ಅಕ್ಟೋಬರಿನಲ್ಲಿ ಪ್ರಕಟವಾಯಿತು. ಆ ತಿಂಗಳ ಪರಿಷ್ಕರಣವನ್ನು ಹಾಕಿಕೊಂಡ ಕೆಲವರ ಕಡತಗಳು ಮಾಯವಾದವು. ದಸ್ತಾವೇಜುಗಳ ಕೋಶವನ್ನು ಬೇರೊಂದು ಸ್ಥಳಕ್ಕೆ ಬದಲಿಸಿಕೊಂಡಿದ್ದವರ ಹಳೆಯ ಕೋಶವನ್ನು ಬರಿದಾದುದೆಂದು ಭಾವಿಸಿ, ಪರಿಷ್ಕರಣವು ಅದನ್ನು ಅದರೊಳಗಣ ಕಡತಗಳ ಸಹಿತ ಅಳಿಸಿಬಿಟ್ಟಿತ್ತು. ಖಾಲಿ ಪೆಟ್ಟಿಗೆಯೆಂದು ತೆರೆದು ನೋಡದೆಯೇ ಸುಟ್ಟಂತೆ! ವಿತರಣೆಯನ್ನು ಕೆಲವೇ ದಿನಗಳಲ್ಲಿ ನಿಲ್ಲಿಸಿ, ನವೆಂಬರಿನಲ್ಲಿ ಪುನಃ ಆರಂಭಿಸಲಾಯಿತು. ವ್ಯಸನಕರವಾದ ಸಂಗತಿಯೆಂದರೆ, ಸ್ವಯಂಸೇವಕರಲ್ಲಿ ಕೆಲವರು ಈ ದೋಷವನ್ನು ಮುಂಚೆಯೇ ತಿಳಿಸಿದ್ದರು. ಅವರ ದೂರು ರಾಶಿಯೊಳಗೆ ಹೂತುಹೋಗಿತ್ತು. ಅರ್ಜಿಗಳು ಎಲ್ಲಿ ಹೂತುಹೋಗುತ್ತವೆಂಬುದನ್ನು ನಮ್ಮ ಅಧಿಕಾರಿ ವಾಚಕರಿಗೆ ವಿವರಿಸಬೇಕಾಗಿಲ್ಲ.

2021ರಲ್ಲಿ ಹನ್ನೊಂದನೆಯ ವಿಂಡೋಸ್ ಬಂದಿತು. ಟಿಪಿಎಂ 2.0 ಎಂಬ ಭದ್ರತಾ ಸಾಧನವಿಲ್ಲದ ಯಂತ್ರಗಳಿಗೂ, 2017ಕ್ಕಿಂತ ಹಿಂದಿನ ಬಹುಪಾಲು ಇಂಟೆಲ್ ಪ್ರೊಸೆಸರುಗಳಿಗೂ ಅದರಲ್ಲಿ ಅಧಿಕೃತ ಪ್ರವೇಶವಿಲ್ಲ. ಭದ್ರತೆಯ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ಸುಸ್ಥಿತಿಯಲ್ಲಿರುವ ಯಂತ್ರವನ್ನು ಬಿಸಾಡೆಂದು ಕೊಂಡವನಿಗೆ ಆಜ್ಞಾಪಿಸುವ ಅಧಿಕಾರವು ಮಾರಿದವನಿಗೆ ಎಲ್ಲಿಂದ ಬಂತು? 2025ರ ಅಕ್ಟೋಬರ್ 14ರಂದು ಹತ್ತನೆಯ ವಿಂಡೋಸಿಗೆ ಉಚಿತ ರಕ್ಷಣೆ ಸಾಮಾನ್ಯವಾಗಿ ಕೊನೆಗೊಂಡಿತು. ರಕ್ಷಣೆ ಮುಂದುವರಿಯಬೇಕೆಂಬ ಸಂಸ್ಥೆಗಳಿಗೆ ಗೊತ್ತುಮಾಡಿದ ದರವು ಯಂತ್ರವೊಂದಕ್ಕೆ ಮೊದಲ ವರ್ಷ 61 ಡಾಲರು. ಅದು ವರ್ಷವರ್ಷವೂ ಇಮ್ಮಡಿಯಾಗಿ ಮೂರು ವರ್ಷಕ್ಕೆ 427 ಡಾಲರು. ಹಳೆಯ ಯಂತ್ರದ ಬೆಲೆಯೇ ಅಷ್ಟಿರಲಾರದು. ಅದೇ ದಿನ ಹೊರಬಂದ ಹನ್ನೊಂದನೆಯ ವಿಂಡೋಸಿನ ಪರಿಷ್ಕರಣದಿಂದ, ಕೆಟ್ಟ ಯಂತ್ರವನ್ನು ಸರಿಪಡಿಸುವ ಪುಟದಲ್ಲಿ ಯುಎಸ್‌ಬಿ ಕೀಲಿಮಣೆಯೂ ಮೌಸೂ ನಿಶ್ಚೇಷ್ಟಿತವಾದವು. ಪರಿಹಾರವು ಆರು ದಿನಗಳ ಮೇಲೆ ಬಂದಿತು. ಹಳೆಯ ಮನೆಯಿಂದ ಹೊರಡಿಸಿದ ದಿನವೇ ಹೊಸ ಮನೆಯ ಬಾಗಿಲು ಜಖಂ!

2024ರ ಏಪ್ರಿಲಿನಿಂದ ಈ ವ್ಯವಸ್ಥೆಯ ಸ್ಟಾರ್ಟ್ ಪಟ್ಟಿಯಲ್ಲಿಯೇ ಜಾಹೀರಾತುಗಳು ಸೇರಿಕೊಂಡವು. (ಅವನ್ನು ನಿಲ್ಲಿಸುವ ಉಪಾಯವುಂಟು, ಹುಡುಕಿಕೊಳ್ಳುವ ಶ್ರಮ ಮಾತ್ರ ನಮ್ಮದು.) ಅದೇ ವರ್ಷ ಮೇ ತಿಂಗಳಲ್ಲಿ, ಪರದೆಯ ಮೇಲೆ ಕಾಣುವುದನ್ನೆಲ್ಲ ಆಗಾಗ ಚಿತ್ರ ತೆಗೆದಿಟ್ಟುಕೊಳ್ಳುವ ರೀಕಾಲ್ ಎಂಬ ಯುಕ್ತಿಯನ್ನು ಸಾರಿದರು. ತೀವ್ರ ಪ್ರತಿಭಟನೆಯಾದುದರಿಂದ ಅದು ಮುಂದೆ ಹೋಗಿ, 2025ರಲ್ಲಿ ಬಳಕೆದಾರನು ತಾನಾಗಿ ಒಪ್ಪಿದರೆ ಮಾತ್ರ ನಡೆಯುವಂತೆ ಬಂದಿತು. ಕೂಗಿಗೆ ಬೆಲೆಯಿಲ್ಲದಿಲ್ಲ.

ಆದರೆ ಬಿಟ್ಟುಹೋಗಲಾರದವನ ಕೂಗಿಗೆ ಎಷ್ಟು ಬೆಲೆ? ಇಲ್ಲಿಯೇ ನಮ್ಮ ನಾಡಿನ ಪ್ರಶ್ನೆ ಏಳುತ್ತದೆ. ವಿಂಡೋಸಿನಲ್ಲಿ ಕನ್ನಡವನ್ನು ಸುಲಭವಾಗಿಸಿದ ನುಡಿ, ಬರಹ ಮೊದಲಾದ ತಂತ್ರಾಂಶಗಳ ಉಪಕಾರವನ್ನು ಕನ್ನಡಿಗರು ಮರೆಯತಕ್ಕದ್ದಲ್ಲ. ಆದರೂ ಯೂನಿಕೋಡಿಗೆ ಮುಂಚಿನ ಅಕ್ಷರವಿನ್ಯಾಸಗಳಲ್ಲಿ ಬರೆದ ಕಡತಗಳು, ಆಯಾ ಅಕ್ಷರಗಳಿಲ್ಲದ ಯಂತ್ರದಲ್ಲಿ ಅರ್ಥಹೀನವಾದ ಗೀಚುಗಳಾಗಿ ಕಾಣುತ್ತವೆ. ಅವನ್ನು ಪರಿವರ್ತಿಸುವ ಸಾಧನಗಳಿವೆ. ಪರಿವರ್ತಿಸುವವರೆಗೆ ನಮ್ಮ ದಸ್ತಾವೇಜುಗಳೇ ನಮ್ಮ ಕಾಲಿನ ಸಂಕೋಲೆ.

ಬೇರೆ ದಾರಿ ಇಲ್ಲವೆನ್ನುವಂತಿಲ್ಲ. ನೆರೆಯ ಕೇರಳದ ಸರ್ಕಾರಿ ಶಾಲೆಗಳು ಲಿನಕ್ಸ್ ಆಧಾರದ ಮುಕ್ತ ತಂತ್ರಾಂಶದಿಂದಲೇ ಪಾಠ ನಡೆಸುತ್ತಿವೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ಪ್ರಾಂತವು ತನ್ನ ಸುಮಾರು 30,000 ಕಚೇರಿ ಯಂತ್ರಗಳನ್ನು ಮುಕ್ತ ತಂತ್ರಾಂಶಕ್ಕೆ ತಿರುಗಿಸಲು 2024ರಲ್ಲಿ ನಿಶ್ಚಯಿಸಿತು. ಭಾರತ ಸರ್ಕಾರವೇ 2015ರಲ್ಲಿ, ತನ್ನ ಇ-ಆಡಳಿತದಲ್ಲಿ ಮುಕ್ತ ತಂತ್ರಾಂಶಕ್ಕೆ ಪ್ರಾಶಸ್ತ್ಯ ಕೊಡುವ ನೀತಿಯನ್ನು ಪ್ರಕಟಿಸಿದೆ. ನೀತಿಯು ಕಾಗದದಲ್ಲಿ ಮಲಗಿರಲೆಂದು ಬರೆದುದಲ್ಲವಷ್ಟೆ.

ಆದುದರಿಂದ, ಹೊಸ ಯಂತ್ರಗಳಿಗೆ ಟೆಂಡರು ಕರೆಯುವ ಮುನ್ನ ಪ್ರತಿಯೊಂದು ಇಲಾಖೆಯೂ ಮೂರು ಲೆಕ್ಕಗಳನ್ನು ಪ್ರಕಟಿಸಲಿ: ಹತ್ತನೆಯ ವಿಂಡೋಸಿನಲ್ಲಿ ಇನ್ನೂ ನಡೆಯುತ್ತಿರುವ ಯಂತ್ರಗಳೆಷ್ಟು, ಅವುಗಳಲ್ಲಿ ಲಿನಕ್ಸಿಗೆ ತಿರುಗಿಸಬಹುದಾದುವೆಷ್ಟು, ಯೂನಿಕೋಡಿಗೆ ಬಾರದೆ ಉಳಿದಿರುವ ಕನ್ನಡ ಕಡತಗಳೆಷ್ಟು. ಮೊದಲನೆಯ ಲೆಕ್ಕವನ್ನು ಯಾವ ಶಾಖೆಯ ಗುಮಾಸ್ತನಾದರೂ ಒಂದು ಮಧ್ಯಾಹ್ನದಲ್ಲಿ ಒದಗಿಸಬಲ್ಲನು.