ಅಟ್ಟದಲ್ಲಿ ಕೊಬ್ಬರಿ, ಕೈಚೀಲದಲ್ಲಿ ತಾಳೆ ಎಣ್ಣೆ

ತಿಪಟೂರಿನ ಎಪಿಎಂಸಿ ಪ್ರಾಂಗಣದಲ್ಲಿ ಕೊಬ್ಬರಿ ಮಾರಿ ಊರಿಗೆ ಹೊರಟ ರೈತ ದಾರಿಯಲ್ಲಿ ದಿನಸಿ ಅಂಗಡಿಯ ಮುಂದೆ ನಿಲ್ಲುತ್ತಾನೆ. ಅಲ್ಲಿಂದ ಹೊರಬೀಳುವಾಗ ಅವನ ಕೈಚೀಲದಲ್ಲಿ ಸಕ್ಕರೆ, ಮಕ್ಕಳಿಗೆ ಬಿಸ್ಕತ್ತು, ಜತೆಗೆ ಒಂದು ಲೀಟರಿನ ತಾಳೆ ಎಣ್ಣೆಯ ಪೊಟ್ಟಣ ಇರುತ್ತವೆ. ತಿಂಗಳುಗಟ್ಟಲೆ ಅಟ್ಟದ ಮೇಲೆ ಒಣಗಿದ ಉಂಡೆ ಕೊಬ್ಬರಿ ಉತ್ತರ ಭಾರತದ ಪೇಟೆಗಳಿಗೆ ಹೋಗುತ್ತದೆ. ಇಂಡೋನೇಷ್ಯಾ, ಮಲೇಷ್ಯಾಗಳ ಎಣ್ಣೆ ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಒಗ್ಗರಣೆಗೆ ಬರುತ್ತದೆ.

ಇದನ್ನು ರೈತನ ಅವಿವೇಕವೆಂದು ಹೀಗಳೆಯುವುದು ನ್ಯಾಯವಲ್ಲ. ಇಲ್ಲಿನ ಉಂಡೆ ಕೊಬ್ಬರಿ ನೇರವಾಗಿ ತಿನ್ನಲು, ಸಿಹಿತಿಂಡಿಗೆ ಬಳಸಲು ಹೆಸರಾದದ್ದು. ಅದನ್ನು ಗಾಣಕ್ಕೆ ಹಾಕುವುದು ಲೆಕ್ಕಾಚಾರಕ್ಕೆ ಒಗ್ಗುವುದಿಲ್ಲ. 2025ರ ಹಂಗಾಮಿಗೆಂದು ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲಿಗೆ 12,100 ರೂಪಾಯಿ ಬೆಂಬಲ ಬೆಲೆ ಘೋಷಿಸಿತ್ತು. ಅದೇ ವರ್ಷ ಮಾರುಕಟ್ಟೆ ದರ ಅದರ ಎರಡು ಪಟ್ಟನ್ನೂ ಮೀರಿತು. ಅಂಥ ಹೊತ್ತಿನಲ್ಲಿ ಬೆಳೆದವನೇ ಚಟ್ನಿಗೆ ಕಾಯಿ ಒಡೆಯಲು ಹಿಂದೆಮುಂದೆ ನೋಡಿದರೆ ಆಶ್ಚರ್ಯವೇನು? ಇನ್ನು ತಾಳೆ ಎಣ್ಣೆಯ ರುಚಿ ಹತ್ತಿಸುವುದರಲ್ಲಿ ಸರ್ಕಾರದ ಪಾಲೂ ಇದೆ. 2015ರಲ್ಲಿ ಪಡಿತರದ ಅಂಗಡಿಗಳಲ್ಲೇ ಅದನ್ನು ರಿಯಾಯಿತಿ ದರದಲ್ಲಿ ಹಂಚಲಾಗಿತ್ತು.

ಹಾಗಾದರೆ ಎಲ್ಲರೂ ಕೊಬ್ಬರಿ ಎಣ್ಣೆಗೆ ಮರಳಿದರೆ ಆರೋಗ್ಯ ಮರಳುತ್ತದೆಯೇ? ಕಲ್ಪತರು ನಾಡಿನ ಅಭಿಮಾನಿಗಳಿಗೆ ಕಹಿಯೆನಿಸಬಹುದಾದ ಸಂಗತಿಯೊಂದಿದೆ. ಜಿಡ್ಡಿನಲ್ಲಿ ಹೃದಯಕ್ಕೆ ಒಳ್ಳೆಯದಲ್ಲವೆಂದು ವೈದ್ಯರು ಹೇಳುವ ಸಂತೃಪ್ತ ಕೊಬ್ಬಿನ ಪ್ರಮಾಣ ತಾಳೆ ಎಣ್ಣೆಯಲ್ಲಿ ಸುಮಾರು ಅರ್ಧದಷ್ಟಿದ್ದರೆ, ಕೊಬ್ಬರಿ ಎಣ್ಣೆಯಲ್ಲಿ ಶೇ 80ಕ್ಕೂ ಹೆಚ್ಚು. ನಾರಿನಂಶ ಸಹಿತ ಕಾಯಿ ತುರಿದು ಪಲ್ಯಕ್ಕೆ ಉದುರಿಸುವುದು ಬೇರೆ, ಅದರ ಎಣ್ಣೆಯಲ್ಲಿ ದಿನವೂ ಕರಿಯುವುದು ಬೇರೆ. ‘ಕೊಲೆಸ್ಟರಾಲ್ ಇಲ್ಲ’ ಎಂಬ ಪೊಟ್ಟಣದ ಮೇಲಿನ ಘೋಷಣೆಗೂ ಮರುಳಾಗಬೇಕಿಲ್ಲ. ಯಾವ ಸಸ್ಯದ ಎಣ್ಣೆಯಲ್ಲೂ ಅದು ಹೇಳಿಕೊಳ್ಳುವಷ್ಟು ಇರುವುದೇ ಇಲ್ಲ. ಒಂದೇ ಎಣ್ಣೆಗೆ ಜೋತು ಬೀಳದೆ ಬದಲಿಸುತ್ತ, ಒಟ್ಟು ಬಳಕೆಯನ್ನೇ ತಗ್ಗಿಸಬೇಕೆಂಬುದು ಪೋಷಣಾ ತಜ್ಞರ ಸಲಹೆ. ಈ ಸೀಮೆಯ ಹಳೆಯ ಅಡುಗೆಮನೆ ಅದನ್ನು ಪುಸ್ತಕ ಓದದೆಯೇ ಪಾಲಿಸುತ್ತಿತ್ತು. ರಾಗಿ ಹೊಲದ ಸಾಲಿನಲ್ಲಿ ಬೆಳೆದ ಹುಚ್ಚೆಳ್ಳಿನ ಎಣ್ಣೆ, ಗಾಣದ ಕಡಲೆಕಾಯಿ ಎಣ್ಣೆ, ನಡುನಡುವೆ ಕೊಬ್ಬರಿ. ಕರಿದ ತಿಂಡಿಯೇನಿದ್ದರೂ ಹಬ್ಬಕ್ಕೆ. ಈಗ ಹುಚ್ಚೆಳ್ಳು ಸಂತೆಯಲ್ಲಿಯೇ ಅಪರೂಪ.

ಎಣ್ಣೆಯಾದರೂ ಕಣ್ಣಿಗೆ ಕಾಣುತ್ತದೆ. ಬಿಸ್ಕತ್ತು, ಚಿಪ್ಸ್, ನೂಡಲ್ಸ್‌ಗಳ ಒಳಗೆ ಅಡಗಿ ಬರುವುದನ್ನು ಕಾಣುವುದು ಹೇಗೆ? ಪೊಟ್ಟಣದ ಮೇಲಿನ ಪಟ್ಟಿಯಲ್ಲಿ ಹೆಚ್ಚು ತೂಕದ ಪದಾರ್ಥ ಮೊದಲು, ಕಡಿಮೆಯದು ಕೊನೆಗೆ ಬರಬೇಕೆಂಬುದು ಕಾನೂನು. ರಾಗಿ ಬಿಸ್ಕತ್ತೆಂದು ಕೊಂಡದ್ದರಲ್ಲಿ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ ಆಗಿದ್ದರೆ ರಾಗಿ ಬಣ್ಣಕ್ಕಷ್ಟೇ ಎಂದು ತಿಳಿಯಬಹುದು. ಉಪ್ಪಿನ ಲೆಕ್ಕವೂ ಕಷ್ಟವಲ್ಲ. 100 ಗ್ರಾಮಿನಲ್ಲಿ 800 ಮಿಲಿಗ್ರಾಂ ಸೋಡಿಯಂ ಎಂದಿದ್ದರೆ ಅದನ್ನು ಎರಡೂವರೆಯಿಂದ ಗುಣಿಸಬೇಕು: ಎರಡು ಗ್ರಾಂ ಉಪ್ಪು. ದಿನವಿಡೀ ಒಬ್ಬರಿಗೆ ಐದು ಗ್ರಾಮಿಗಿಂತ ಹೆಚ್ಚು ಬೇಡವೆನ್ನುತ್ತಾರೆ. (ಉಪ್ಪಿನಕಾಯಿ ಪ್ರಿಯರು ಈ ಸಾಲನ್ನು ಓದಿಲ್ಲವೆಂದೇ ಭಾವಿಸಲಿ.) ಬಿಡಿಯಾಗಿ ಮಾರುವ ಬೇಕರಿ ಪಫ್, ಖಾರಾ ಬನ್ನುಗಳಿಗಂತೂ ಪಟ್ಟಿಯೇ ಇಲ್ಲ. 2022ರಿಂದ ಎಣ್ಣೆ, ಡಾಲ್ಡಾಗಳಲ್ಲಿ ಟ್ರಾನ್ಸ್ ಕೊಬ್ಬು ಶೇ 2ನ್ನು ಮೀರಬಾರದೆಂಬ ನಿಯಮವಿರುವುದೊಂದೇ ಸಮಾಧಾನ.

2024ರ ಮೇ ತಿಂಗಳಲ್ಲಿ ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಪ್ರಕಟಿಸಿದ 17 ಆಹಾರ ಸೂತ್ರಗಳಲ್ಲಿ ಕೊನೆಯದು, ಲೇಬಲ್ ಓದಿ ಕೊಳ್ಳಿರಿ ಎಂಬುದು. ಆದರೆ ಯಾವ ಭಾಷೆಯಲ್ಲಿ? ಆಹಾರ ಪೊಟ್ಟಣದ ವಿವರಗಳು ಇಂಗ್ಲಿಷ್ ಅಥವಾ ಹಿಂದಿಯಲ್ಲಿ ಇರಬೇಕು, ಬೇಕಿದ್ದರೆ ಬೇರೆ ಭಾಷೆಯನ್ನೂ ಸೇರಿಸಬಹುದು ಎನ್ನುತ್ತದೆ ಕೇಂದ್ರದ ನಿಯಮ. ಆ ‘ಬೇಕಿದ್ದರೆ’ ಯಾವ ಕಂಪನಿಗೂ ಬೇಕಾದಂತೆ ಕಾಣುವುದಿಲ್ಲ. ಹೋಬಳಿ ಊರಿನ ಅಂಗಡಿಯೊಂದರಲ್ಲಿ ಸಕ್ಕರೆ ಕಾಯಿಲೆಯ ವೃದ್ಧೆಯೊಬ್ಬರು ಬಿಸ್ಕತ್ತಿನ ಪೊಟ್ಟಣವನ್ನು ಕಣ್ಣಿಗೆ ಹತ್ತಿರ ಹಿಡಿದು, ‘ಇದ್ರಾಗೆ ಸಕ್ರೆ ಐತೇನಪ್ಪ?’ ಎಂದು ಕೇಳಿದ್ದನ್ನು ಕಂಡಿದ್ದೇನೆ. ಅಂಗಡಿಯವನು ‘ಕಡ್ಮೆ ಐತೆ ತಗಳಜ್ಜಿ’ ಎಂದ. ಅವನೂ ಅದನ್ನು ಓದಿರಲಿಲ್ಲ. ಆಕೆಗೆ ಕನ್ನಡ ಪತ್ರಿಕೆ ಓದಲು ಬರುತ್ತಿತ್ತು.

ರಾಜ್ಯದಲ್ಲಿ ತಯಾರಾಗುವ ಸರಕುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಆದೇಶಿಸಿತು. ಹೆಸರು ಕನ್ನಡದಲ್ಲಿದ್ದರೆ ಅಭಿಮಾನಕ್ಕೆ ತೃಪ್ತಿ, ಸರಿ. ಆ ಅಜ್ಜಿಗೆ ಬೇಕಾದದ್ದು ಹಿಂಬದಿಯ ಸಣ್ಣಕ್ಷರದ ಪಟ್ಟಿ. ಅದು ಕನ್ನಡದಲ್ಲಿ, ಕನ್ನಡಕವಿಲ್ಲದೆ ಕಾಣುವ ಗಾತ್ರದಲ್ಲಿ ಬರಬೇಕಾದರೆ ಕೇಂದ್ರದ ನಿಯಮವೇ ತಿದ್ದುಪಡಿಯಾಗಬೇಕು. ತುಮಕೂರು ಜಿಲ್ಲೆಯ ಜನಪ್ರತಿನಿಧಿಗಳು ಕೊಬ್ಬರಿ ಬೆಲೆಗಾಗಿ ದೆಹಲಿಗೆ ಹೋಗುವಾಗ ಈ ಅರ್ಜಿಯನ್ನೂ ಜತೆಗೆ ಒಯ್ಯಬಹುದು.